ಕ್ಲೈವನ ಲೆಕ್ಕ ಕೇಳಿದ ಸೇನಾಪತಿ: ನಾಟಕಕಾರ ಜಾನ್ ಬರ್ಗಾಯ್ನ್

ರಾಬರ್ಟ್ ಕ್ಲೈವನ ಹೆಸರು ಕೇಳದೆ ಶಾಲೆ ಮುಗಿಸಿದವರು ನಮ್ಮಲ್ಲಿ ವಿರಳ. ಆದರೆ ಪ್ಲಾಸಿಯ ಆ ವಿಜೇತನನ್ನು ಬ್ರಿಟನ್ನಿನ ಕಾಮನ್ಸ್ ಸಭೆಯಲ್ಲಿ ಎಲ್ಲರೆದುರು ನಿಲ್ಲಿಸಿ, ಬಂಗಾಳದಿಂದ ತಂದ ಸಂಪತ್ತಿನ ಲೆಕ್ಕ ಕೇಳಿದ ಸದಸ್ಯ ಯಾರೆಂಬುದನ್ನು ಬಲ್ಲವರು ಹೆಚ್ಚಿಲ್ಲ. ಆತನ ಹೆಸರು ಜಾನ್ ಬರ್ಗಾಯ್ನ್. ಅಮೆರಿಕದ ಚರಿತ್ರೆಯನ್ನು ಓದಿದವರಿಗೆ ಅವನು 1777ರಲ್ಲಿ ಸಾರಟೋಗದಲ್ಲಿ ತನ್ನ ಇಡೀ ಸೈನ್ಯದೊಂದಿಗೆ ಶರಣಾದ ಜನರಲ್. ಇಂಗ್ಲಿಷ್ ರಂಗಭೂಮಿಯ ಚರಿತ್ರೆಯನ್ನು ಓದಿದವರಿಗೆ ಅವನು ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಗೆದ್ದ ಹಾಸ್ಯನಾಟಕಗಳ ಕರ್ತೃ. ಈಸ್ಟ್ ಇಂಡಿಯಾ ಕಂಪನಿಯ ಕಥೆಯನ್ನು ಓದುತ್ತಿದ್ದಾಗ ನನಗೆ ಪರಿಚಯವಾದವನು ಮೊದಲು ಹೇಳಿದ ಬರ್ಗಾಯ್ನ್. ಉಳಿದಿಬ್ಬರೂ ಅವನೇ ಎಂದು ತಿಳಿದದ್ದು ಅನಂತರ. ಈ ಮೂರನ್ನೂ ಒಟ್ಟಿಗಿಟ್ಟು ನೋಡಿದಾಗ ಒಂದು ಸಂಗತಿ ನನಗೆ ಸ್ಪಷ್ಟವಾಗಿ ಕಾಣಿಸಿತು. ಕಣ್ಣೆದುರಿನ ಮನುಷ್ಯನನ್ನು ಗಮನಿಸಿ ಬರೆದಾಗಲೆಲ್ಲ ಅವನ ಲೇಖನಿ ಸರಿಯಾದ ಜಾಗವನ್ನು ಮುಟ್ಟಿತು. ತಾನು ಅರಿಯದ ಜನಸಮೂಹವನ್ನು ಕುರಿತು ದನಿಯೇರಿಸಿ ಬರೆದಾಗಲೆಲ್ಲ ಅದು ಅವನಿಗೇ ಕೇಡು ತಂದಿತು. ಅವನ ಬದುಕನ್ನು ಈ ದೃಷ್ಟಿಯಿಂದ ಹೇಳಬೇಕೆಂಬುದು ನನ್ನ ಆಸೆ.

ಬರ್ಗಾಯ್ನ್ ಹುಟ್ಟಿದ್ದು 1722ರಲ್ಲಿ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಶಾಲೆಯಲ್ಲಿ ಓದುವಾಗ ಡರ್ಬಿಯ ಅರ್ಲ್‌ನ ಮಗನ ಸ್ನೇಹ ದೊರೆಯಿತು, ಆ ಸ್ನೇಹವೇ ಅವನ ಮುಂದಿನ ಬದುಕಿನ ದಾರಿಯನ್ನು ನಿರ್ಧರಿಸಿತು. ತರುಣ ಕುದುರೆ ಸವಾರ ಅಧಿಕಾರಿಯಾಗಿದ್ದಾಗ ಅವನು ಸ್ನೇಹಿತನ ತಂಗಿ ಲೇಡಿ ಷಾರ್ಲಟ್ ಸ್ಟ್ಯಾನ್ಲಿಯನ್ನು ಪ್ರೀತಿಸಿ, ತಂದೆಯ ಒಪ್ಪಿಗೆಯಿಲ್ಲದೆ, ಮನೆಯವರಿಗೆ ತಿಳಿಯದಂತೆ ಮದುವೆಯಾದನು. ಕೋಪಗೊಂಡ ಅರ್ಲ್ ಮಗಳನ್ನು ದೂರವಿಟ್ಟನು. ಸಾಲ ಬೆಳೆದಾಗ ಬರ್ಗಾಯ್ನ್ ತನ್ನ ಸೇನಾ ಹುದ್ದೆಯನ್ನು ಮಾರಿ ಹೆಂಡತಿಯೊಡನೆ ಫ್ರಾನ್ಸಿಗೆ ಹೋದನು. ಆ ಕಾಲದ ಬ್ರಿಟಿಷ್ ಸೇನೆಯಲ್ಲಿ ಅಧಿಕಾರಿಯ ಹುದ್ದೆಯನ್ನು ಹಣ ಕೊಟ್ಟು ಕೊಳ್ಳುವುದು, ಬೇಡವಾದಾಗ ಮಾರುವುದು ಕ್ರಮಬದ್ಧವಾಗಿಯೇ ನಡೆಯುತ್ತಿತ್ತು. ಫ್ರಾನ್ಸಿನಲ್ಲಿ ಕಳೆದ ವರ್ಷಗಳಲ್ಲಿ ಅವನು ಫ್ರೆಂಚ್ ಭಾಷೆಯನ್ನೂ ಸಾಹಿತ್ಯವನ್ನೂ ಚೆನ್ನಾಗಿ ಕಲಿತನು, ಇಟಲಿಯವರೆಗೂ ಸುತ್ತಾಡಿದನು, ವಾಸ್ತುಶಿಲ್ಪಿ ರಾಬರ್ಟ್ ಆ್ಯಡಂನಂಥವರ ಸ್ನೇಹ ಗಳಿಸಿದನು. ಮುಂದೆ ಅವನು ಬರೆದ ನಾಟಕಗಳಲ್ಲಿ ಹಲವು ಫ್ರೆಂಚ್ ಮೂಲಗಳನ್ನು ಆಧರಿಸಿದವು ಎಂಬುದನ್ನು ನೆನೆದರೆ, ಸಾಲದಿಂದ ಬಂದ ಆ ಪರದೇಶವಾಸ ಅವನ ನಿಜವಾದ ವಿದ್ಯಾಭ್ಯಾಸವಾಗಿತ್ತು ಎನ್ನಬೇಕು. ಕಾಲಕ್ರಮದಲ್ಲಿ ಮಾವನ ಮನಸ್ಸೂ ತಿಳಿಯಾಯಿತು. ಡರ್ಬಿ ಮನೆತನ ಆಮೇಲೆ ಜೀವನದುದ್ದಕ್ಕೂ ಅವನ ಬೆನ್ನಿಗೆ ನಿಂತಿತು.

1756ರಲ್ಲಿ ಏಳು ವರ್ಷಗಳ ಯುದ್ಧ ಆರಂಭವಾದಾಗ ಅವನು ಸೇನೆಗೆ ಮರಳಿದನು. ಮೂರು ವರ್ಷಗಳ ನಂತರ ಹದಿನಾರನೆಯ ಲೈಟ್ ಡ್ರಗೂನ್ಸ್ ಎಂಬ ಹಗುರ ಅಶ್ವದಳವೊಂದನ್ನು ಕಟ್ಟುವ ಹೊಣೆ ಅವನಿಗೆ ಬಂತು. ಆ ದಳದ ಅಧಿಕಾರಿಗಳಿಗಾಗಿ ಅವನು ಬರೆದ ಸೂಚನಾವಳಿ ನನಗೆ ಅವನ ಎಲ್ಲ ಬರಹಗಳಲ್ಲಿಯೂ ಅತ್ಯಂತ ಪ್ರಿಯವಾದುದು. ಚಾಟಿಯೇಟು ಶಿಸ್ತಿನ ಸಹಜ ಸಾಧನವಾಗಿದ್ದ ಕಾಲದಲ್ಲಿ ಬರ್ಗಾಯ್ನ್ ತನ್ನ ಅಧಿಕಾರಿಗಳಿಗೆ ಹೇಳಿದ್ದು ಇದು: ಸಿಪಾಯಿಯನ್ನು ಯೋಚಿಸಬಲ್ಲ ಜೀವಿಯೆಂದು ತಿಳಿದು ನಡೆಸಿಕೊಳ್ಳಬೇಕು; ನಾಯಿಯನ್ನು ಪಳಗಿಸುವಂತೆ ಕೋಲಿನಿಂದ ಪಳಗಿಸಬಾರದು; ಅವನನ್ನು ಬಯ್ಯಬಾರದು; ಕವಾಯತು ಮುಗಿದ ಮೇಲೆ ಅವನೊಡನೆ ಸಲುಗೆಯಿಂದ ನಾಲ್ಕು ಮಾತಾಡಿದರೆ, ನಗೆಯಾಡಿದರೆ ಅಧಿಕಾರಿಯ ಗೌರವವೇನೂ ಕುಂದುವುದಿಲ್ಲ. ಅಧಿಕಾರಿಯಾದವನು ಪ್ರತಿದಿನ ಸ್ವಲ್ಪ ಹೊತ್ತು ಓದಬೇಕು, ಒಳ್ಳೆಯ ಯುದ್ಧಶಾಸ್ತ್ರದ ಗ್ರಂಥಗಳು ಫ್ರೆಂಚಿನಲ್ಲಿರುವುದರಿಂದ ಆ ಭಾಷೆಯನ್ನು ಕಲಿಯಬೇಕು, ತಪ್ಪಿಲ್ಲದೆ ಬರೆಯಲು ಬರಬೇಕು, ಜೀನಿನ ಒಂದೊಂದು ಪಟ್ಟಿ ಎಲ್ಲಿ ಹೇಗೆ ಕೂಡುತ್ತದೆಂದು ತನ್ನ ಕೈಯಾರೆ ತಿಳಿದಿರಬೇಕು ಎಂದೂ ಅದರಲ್ಲಿದೆ. ಬಿಡಿ ಮನುಷ್ಯನ ಮನಸ್ಸಿನಲ್ಲಿ ಏನು ನಡೆಯುತ್ತದೆಂದು ಊಹಿಸಬಲ್ಲವನು ಮಾತ್ರ ಇಂಥ ಸೂಚನೆಗಳನ್ನು ಕೊಡಬಲ್ಲ. ಪಾತ್ರ ಸೃಷ್ಟಿಗೆ ಬೇಕಾದ ಕಣ್ಣೂ ಅದೇ. ಅವನು ನಾಟಕ ಬರೆಯುವುದಕ್ಕೆ ಹದಿನೈದು ವರ್ಷ ಮೊದಲೇ ಆ ಕಣ್ಣು ತೆರೆದಿತ್ತೆಂದು ನಾನು ನಂಬುತ್ತೇನೆ.

1762ರಲ್ಲಿ ಪೋರ್ಚುಗಲ್ಲಿನ ಮೇಲೆ ಸ್ಪೇನ್ ದಾಳಿ ಮಾಡಿದಾಗ ಬರ್ಗಾಯ್ನ್ ಅಲ್ಲಿ ಗಡಿಯನ್ನು ಕಾಯುವ ಪಡೆಯಲ್ಲಿದ್ದನು. ಗಡಿಯಾಚೆಗಿನ ವಲೆನ್ಸಿಯ ದೆ ಅಲ್ಕಾಂತರ ಪಟ್ಟಣವನ್ನು ಅನಿರೀಕ್ಷಿತ ದಾಳಿಯಿಂದ ವಶಪಡಿಸಿಕೊಂಡದ್ದು ಅವನಿಗೆ ದೊಡ್ಡ ಹೆಸರು ತಂದಿತು. ಅದೇ ವರ್ಷ ವಿಲಾ ವೆಲ್ಯದಲ್ಲಿ ನಡೆದ ರಾತ್ರಿ ದಾಳಿಯನ್ನು ಮುನ್ನಡೆಸಿದವನು ಅವನ ಕೈಕೆಳಗಿದ್ದ ಚಾರ್ಲ್ಸ್ ಲೀ. ಹದಿಮೂರು ವರ್ಷಗಳ ನಂತರ ಲೀ ಅಮೆರಿಕನ್ನರ ಕಡೆಯ ಜನರಲ್ ಆಗಿ ಬಾಸ್ಟನ್ನಿನ ಹೊರಗೆ ನಿಂತಾಗ, ನಗರದೊಳಗಿದ್ದ ಬರ್ಗಾಯ್ನ್ ಹಳೆಯ ಸ್ನೇಹದ ಆಧಾರದಲ್ಲಿ ಅವನೊಡನೆ ಪತ್ರವ್ಯವಹಾರ ನಡೆಸಿದನು.

ಯುದ್ಧದ ನಡುವೆಯೇ, 1761ರಲ್ಲಿ, ಅವನು ಕಾಮನ್ಸ್ ಸಭೆಯ ಸದಸ್ಯನಾಗಿದ್ದನು. 1768ರಲ್ಲಿ ಡರ್ಬಿ ಮನೆತನದ ಬೆಂಬಲದಿಂದ ಪ್ರೆಸ್ಟನ್ ಕ್ಷೇತ್ರದಲ್ಲಿ ನಿಂತು ಗೆದ್ದನು. ಆ ಚುನಾವಣೆಯಲ್ಲಿ ಎರಡೂ ಕಡೆಯವರು ಬೀದಿ ಕಾಳಗಕ್ಕೆ ಇಳಿದಿದ್ದರು. ಹಿಂಸೆಗೆ ಪ್ರಚೋದನೆ ಕೊಟ್ಟನೆಂದು ನ್ಯಾಯಾಲಯ ಬರ್ಗಾಯ್ನ್‌ಗೆ 1,000 ಪೌಂಡ್ ದಂಡ ವಿಧಿಸಿತು. ಅವನು ನಿಷ್ಕಳಂಕ ಸಂತನಾಗಿದ್ದನೆಂದು ಯಾರೂ ಹೇಳಲಾರರು. ಜೂಜಿನ ಗೀಳಿತ್ತು, ವೈಭವದ ಆಸೆಯಿತ್ತು, ಮಾತಿನಲ್ಲಿ ಬೀಗುವ ಸ್ವಭಾವವಿತ್ತು. ಹಾಗಿದ್ದೂ ಅವನು 1772 ಮತ್ತು 1773ರಲ್ಲಿ ಮಾಡಿದ ಕೆಲಸವನ್ನು ನಾನು ಅವನ ಬದುಕಿನ ಅತ್ಯಂತ ಧೈರ್ಯದ ಕೆಲಸವೆಂದು ಎಣಿಸುತ್ತೇನೆ, ಆದ್ದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಆ ಹೊತ್ತಿಗೆ ಕಂಪನಿಯ ಸ್ಥಿತಿ ಹದಗೆಟ್ಟಿತ್ತು. 1769ರಲ್ಲಿ ಹೈದರಾಲಿ ಮದರಾಸಿನ ಬಾಗಿಲಿಗೆ ಬಂದು ನಿಂತ ಸುದ್ದಿ ಲಂಡನ್ನನ್ನು ಮುಟ್ಟಿದಾಗ ಕಂಪನಿಯ ಷೇರುಗಳ ಬೆಲೆ ಕುಸಿದಿತ್ತು. 1770ರ ಬಂಗಾಳದ ಕ್ಷಾಮದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತಿದ್ದರು, ಕಂಪನಿ ಮಾತ್ರ ಕಂದಾಯ ವಸೂಲಿಯನ್ನು ನಿಲ್ಲಿಸಿರಲಿಲ್ಲ. ಭಾರತದಿಂದ ಮರಳಿದ ಕಂಪನಿಯ ನೌಕರರು ಇಂಗ್ಲೆಂಡಿನಲ್ಲಿ ಜಮೀನು, ಬಂಗಲೆ, ಸಂಸತ್ತಿನ ಸ್ಥಾನಗಳನ್ನು ಕೊಳ್ಳುತ್ತಿದ್ದರೆ, ಕಂಪನಿಯೇ ಸಾಲಕ್ಕಾಗಿ ಸರಕಾರದ ಮುಂದೆ ಕೈಚಾಚುವ ಸ್ಥಿತಿಗೆ ಬರುತ್ತಿತ್ತು. 1772ರ ಏಪ್ರಿಲ್ 13ರಂದು ಬರ್ಗಾಯ್ನ್ ಕಾಮನ್ಸ್ ಸಭೆಯಲ್ಲಿ ಎದ್ದು ನಿಂತು, ಕಂಪನಿಯ ವ್ಯವಹಾರಗಳನ್ನು ತನಿಖೆ ಮಾಡಲು 31 ಸದಸ್ಯರ ವಿಶೇಷ ಸಮಿತಿಯೊಂದನ್ನು ನೇಮಿಸಬೇಕೆಂದು ಸೂಚಿಸಿದನು. ನಾಗರಿಕ ಆಡಳಿತವೆಂಬ ಹೆಸರಿಗೇ ಮಸಿ ಬಳಿಯುವಂಥ ಘೋರ ದುರಾಚಾರಗಳು ಅಲ್ಲಿ ನಡೆದಿವೆಯೆಂಬುದು ಅವನ ಆರೋಪವಾಗಿತ್ತು. ಸಭೆ ಒಪ್ಪಿತು, ಸಮಿತಿಯ ಅಧ್ಯಕ್ಷನಾದವನೂ ಅವನೇ.

ಆ ಸಮಿತಿಯ ಮುಂದೆ ಬಂದ ಸಂಗತಿಗಳು ಇಂದಿಗೂ ಓದುಗನನ್ನು ಬೆಚ್ಚಿಬೀಳಿಸುತ್ತವೆ. ಪ್ಲಾಸಿ ಕದನಕ್ಕೆ ಮೊದಲು ಅಮೀಚಂದ್ ಎಂಬ ವರ್ತಕನನ್ನು ವಂಚಿಸಲು ಎರಡು ಒಪ್ಪಂದಗಳನ್ನು ಸಿದ್ಧಪಡಿಸಿದ್ದು, ಸುಳ್ಳು ಒಪ್ಪಂದಕ್ಕೆ ಸಹಿ ಹಾಕಲು ಅಡ್ಮಿರಲ್ ವಾಟ್ಸನ್ ಒಪ್ಪದಿದ್ದಾಗ ಅವನ ಹೆಸರನ್ನು ಬೇರೆಯವರಿಂದ ಬರೆಯಿಸಿದ್ದು ದಾಖಲಾಯಿತು. ಅಂಥ ಸಂದರ್ಭ ಬಂದರೆ ಅದನ್ನೇ ನೂರು ಬಾರಿ ಮಾಡುತ್ತೇನೆಂದು ಕ್ಲೈವ್ ಉತ್ತರಿಸಿದನು. ಮುರ್ಷಿದಾಬಾದಿನ ಖಜಾನೆ ತನ್ನೆದುರು ತೆರೆದಿದ್ದಾಗಲೂ ತಾನು ಇಷ್ಟಕ್ಕೇ ತೃಪ್ತನಾದೆನಲ್ಲ ಎಂದು ತನ್ನ ಸಂಯಮಕ್ಕೆ ತಾನೇ ಬೆರಗಾಗುವುದಾಗಿ ಅವನು ಹೇಳಿದ ಮಾತು ಈಗಲೂ ಪ್ರಸಿದ್ಧ. 1773ರ ಮೇ ತಿಂಗಳಲ್ಲಿ ಬರ್ಗಾಯ್ನ್ ಸಭೆಯ ಮುಂದೆ ನಿರ್ಣಯಗಳನ್ನಿಟ್ಟನು. ಸೈನ್ಯಬಲದಿಂದಾಗಲಿ ಪರದೇಶದ ಅರಸರೊಡನೆ ಮಾಡಿಕೊಂಡ ಒಪ್ಪಂದದಿಂದಾಗಲಿ ದೊರೆತದ್ದೆಲ್ಲವೂ ರಾಷ್ಟ್ರಕ್ಕೆ ಸೇರಬೇಕು, ಅದನ್ನು ಖಾಸಗಿಯವರು ಸ್ವಂತಕ್ಕೆ ಬಳಸಿಕೊಳ್ಳುವುದು ಕಾನೂನಿಗೆ ವಿರುದ್ಧ ಎಂಬ ತತ್ತ್ವವನ್ನು ಸಭೆ ಅಂಗೀಕರಿಸಿತು. ಕ್ಲೈವ್ 2,34,000 ಪೌಂಡುಗಳನ್ನು ಪಡೆದದ್ದು ನಿಜವೆಂದೂ ಒಪ್ಪಿತು. ಆದರೆ ಅಧಿಕಾರ ದುರುಪಯೋಗವೆಂಬ ಖಂಡನೆಯನ್ನು ಕೈಬಿಟ್ಟು, ಅದೇ ಸಮಯದಲ್ಲಿ ಅವನು ದೇಶಕ್ಕೆ ಮಹತ್ತಾದ ಸೇವೆ ಸಲ್ಲಿಸಿದ್ದಾನೆ ಎಂಬ ಸಾಲನ್ನು ಸೇರಿಸಿತು. ಕ್ಲೈವ್ ಪಾರಾದನು.

ಬರ್ಗಾಯ್ನ್‌ನ ಪ್ರಶ್ನೆ ಭಾರತೀಯರ ಹಕ್ಕಿನ ಪ್ರಶ್ನೆಯಾಗಿರಲಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಲೂಟಿಯಾದ ಸಂಪತ್ತು ಬಂಗಾಳಕ್ಕೆ ಮರಳಬೇಕೆಂದು ಅವನ ನಿರ್ಣಯ ಹೇಳಲಿಲ್ಲ. ಅದು ಬ್ರಿಟಿಷ್ ರಾಷ್ಟ್ರಕ್ಕೆ ಸೇರಬೇಕೆಂದಿತು. ಆದರೂ ಗೆದ್ದು ಬಂದ ವೀರನನ್ನು, ಅದೇ ಸಭೆಯ ಸದಸ್ಯನಾಗಿ ಎದುರಿಗೇ ಕೂತಿದ್ದವನನ್ನು, ಸ್ವತಃ ಸೈನಿಕನಾದವನೊಬ್ಬ ಹೀಗೆ ಹೆಸರು ಹಿಡಿದು ಪ್ರಶ್ನಿಸಿದ್ದು ಆ ಸಭೆಗೆ ಹೊಸದು. ಅಲ್ಲಿ ದಾಖಲಾದ ಸಾಕ್ಷ್ಯಗಳು ಕಂಪನಿಯ ಬಗೆಗಿನ ಮುಂದಿನ ಹಲವು ಟೀಕೆಗಳಿಗೆ ಆಧಾರವಾದವು. ಅದೇ ವರ್ಷ ರೆಗ್ಯುಲೇಟಿಂಗ್ ಕಾಯ್ದೆ ಬಂದು ಕಂಪನಿಯ ಮೇಲೆ ಸರಕಾರದ ಹಿಡಿತ ಮೊದಲ ಬಾರಿಗೆ ಬಿಗಿಯಾಯಿತು. ಜೊತೆಗೇ ಕಂಪನಿಯ ದಾಸ್ತಾನಿನಲ್ಲಿ ಕೊಳೆಯುತ್ತಿದ್ದ ಚಹಾವನ್ನು ಅಮೆರಿಕದಲ್ಲಿ ಮಾರಿಸಲು ಚಹಾ ಕಾಯ್ದೆಯೂ ಬಂತು. ಡಿಸೆಂಬರ್ ತಿಂಗಳಲ್ಲಿ ಬಾಸ್ಟನ್ನಿನ ಜನ ಆ ಚಹಾದ 342 ಪೆಟ್ಟಿಗೆಗಳನ್ನು ಬಂದರಿನ ನೀರಿಗೆ ಸುರಿದರು. ಬರ್ಗಾಯ್ನ್ ತನಿಖೆ ಮಾಡಿದ ಕಂಪನಿಯ ಸಂಕಟವೇ ಸುತ್ತು ಹಾಕಿಕೊಂಡು ಬಂದು ಅವನನ್ನು ಅಮೆರಿಕದ ಯುದ್ಧಕ್ಕೆ ಎಳೆಯಿತು.

ಅದಕ್ಕೆ ಮೊದಲು ಅವನು ನಾಟಕಕಾರನಾದನು. 1774ರ ಜೂನ್‌ನಲ್ಲಿ ಅವನ ಹೆಂಡತಿಯ ಅಣ್ಣನ ಮಗ, ಮುಂದೆ ಡರ್ಬಿಯ ಹನ್ನೆರಡನೆಯ ಅರ್ಲ್ ಆದ ಲಾರ್ಡ್ ಸ್ಟ್ಯಾನ್ಲಿಯ ಮದುವೆಯ ನಿಮಿತ್ತ ‘ದಿ ಓಕ್ಸ್’ ಎಂಬ ಎಸ್ಟೇಟಿನಲ್ಲಿ ಭಾರಿ ಉತ್ಸವ ನಡೆಯಿತು. ಹಳೆಯ ಗೆಳೆಯ ರಾಬರ್ಟ್ ಆ್ಯಡಂ ಅದಕ್ಕಾಗಿ ಮಂಟಪ ಕಟ್ಟಿದನು, ಬರ್ಗಾಯ್ನ್ ‘ದಿ ಮೇಡ್ ಆಫ್ ದಿ ಓಕ್ಸ್’ ಎಂಬ ವಿನೋದ ರೂಪಕವನ್ನು ಬರೆದನು. ರಂಗಭೂಮಿಯ ಮಹಾನಟ ಡೇವಿಡ್ ಗ್ಯಾರಿಕ್ ಅದನ್ನು ಮೆಚ್ಚಿ, ಐದಂಕಗಳಿಗೆ ಹಿಗ್ಗಿಸಿದ ರೂಪದಲ್ಲಿ ನವೆಂಬರಿನಲ್ಲಿ ಡ್ರೂರಿ ಲೇನ್‌ನಲ್ಲಿ ಆಡಿಸಿದನು. ಡೆ ಲೌತರ್‌ಬರ್ಗ್ ಎಂಬ ಕಲಾವಿದ ಬರೆದ ಪರದೆಗಳೂ ಫ್ರಾನ್ಸಿಸ್ ಆಬಿಂಗ್ಟನ್ನಳ ಅಭಿನಯವೂ ಜನರನ್ನು ಸೆಳೆದವು. ನಾಟಕದ ಕಥೆ ತೆಳುವಾದದ್ದು, ಅದರ ಆಕರ್ಷಣೆಯಿದ್ದದ್ದು ಉತ್ಸವದ ಸೊಗಸಿನಲ್ಲಿ. ಬರ್ಗಾಯ್ನ್‌ನ ಮೊದಲ ನಾಟಕ ಲಂಡನ್ನಿನಲ್ಲಿ ಚಪ್ಪಾಳೆ ಗಿಟ್ಟಿಸುತ್ತಿದ್ದ ಅದೇ ನವೆಂಬರ್ ತಿಂಗಳಿನಲ್ಲಿ ಕ್ಲೈವ್ ತೀರಿಕೊಂಡನು.

1775ರ ಮೇ ತಿಂಗಳಲ್ಲಿ ಬರ್ಗಾಯ್ನ್, ಹೌ ಮತ್ತು ಕ್ಲಿಂಟನ್ ಎಂಬ ಮೂವರು ಮೇಜರ್ ಜನರಲ್‌ಗಳು ಒಂದೇ ಹಡಗಿನಲ್ಲಿ ಬಾಸ್ಟನ್ನಿಗೆ ಬಂದಿಳಿದರು. ಕೆಲಸವಿಲ್ಲದೆ ಕೂತಿದ್ದ ಬರ್ಗಾಯ್ನ್‌ಗೆ ಗವರ್ನರ್ ಗೇಜ್ ಲೇಖನಿಯ ಕೆಲಸ ಕೊಟ್ಟನು. ಜೂನ್ 12ರಂದು ಗೇಜ್‌ನ ಹೆಸರಿನಲ್ಲಿ ಹೊರಬಿದ್ದ ಘೋಷಣೆಯನ್ನು ಬರೆದವನು ಬರ್ಗಾಯ್ನ್. ಬಂಡಾಯದ ನಾಯಕರಾದ ಸ್ಯಾಮ್ಯುಯೆಲ್ ಆ್ಯಡಮ್ಸ್ ಮತ್ತು ಜಾನ್ ಹ್ಯಾನ್‌ಕಾಕ್ ಇಬ್ಬರನ್ನು ಬಿಟ್ಟು, ಶಸ್ತ್ರ ಕೆಳಗಿಟ್ಟವರಿಗೆಲ್ಲ ಕ್ಷಮೆ ನೀಡುವ ಆ ಘೋಷಣೆ ಆಡಂಬರದ ಮಾತುಗಳಿಂದ ತುಂಬಿತ್ತು. ಕ್ಷಮೆ ಸ್ವೀಕರಿಸಬೇಕಾದವರಿಗೆ ಅದರಲ್ಲಿ ಕಂಡದ್ದು ತಿರಸ್ಕಾರ. ಐದು ದಿನಗಳ ನಂತರ ಬಂಕರ್ ಹಿಲ್ ಕದನ ನಡೆಯಿತು. ಎದುರು ಗುಡ್ಡದ ಫಿರಂಗಿ ನೆಲೆಯಿಂದ ಅದನ್ನು ನೋಡಿದ ಬರ್ಗಾಯ್ನ್, ಉರಿಯುತ್ತಿದ್ದ ಚಾರ್ಲ್ಸ್‌ಟೌನ್, ಬೆಟ್ಟ ಹತ್ತುತ್ತಿದ್ದ ಕೆಂಪು ಅಂಗಿಯ ಸಾಲುಗಳು, ಮನೆಗಳ ಮಾಡುಗಳ ಮೇಲೆ ನಿಂತು ನೋಡುತ್ತಿದ್ದ ಜನ, ಎಲ್ಲವನ್ನೂ ಒಂದು ಪತ್ರದಲ್ಲಿ ರಂಗಸಜ್ಜಿಕೆಯನ್ನು ವರ್ಣಿಸುವಂತೆ ವರ್ಣಿಸಿದ್ದಾನೆ.

ಆ ಚಳಿಗಾಲದಲ್ಲಿ ಮುತ್ತಿಗೆಗೊಳಗಾದ ನಗರದ ಬ್ರಿಟಿಷ್ ಅಧಿಕಾರಿಗಳು ಫ್ಯಾನ್ಯುಯಿಲ್ ಹಾಲನ್ನು ರಂಗಮಂದಿರವಾಗಿ ಮಾಡಿಕೊಂಡರು. ಮ್ಯಾಸಚೂಸೆಟ್ಸ್‌ನಲ್ಲಿ 1750ರಿಂದ ನಾಟಕ ಪ್ರದರ್ಶನಕ್ಕೆ ಕಾನೂನಿನ ನಿಷೇಧವಿತ್ತು. ಮೇಲಾಗಿ ಆ ಸಭಾಂಗಣ ದೇಶಭಕ್ತರ ಸಭೆಗಳು ನಡೆಯುತ್ತಿದ್ದ ಜಾಗ. ಅಲ್ಲಿ ವಾಲ್ಟೇರನ ದುರಂತ ನಾಟಕದ ಇಂಗ್ಲಿಷ್ ರೂಪವಾದ ‘ಝಾರಾ’ವನ್ನು ಆಡಿದಾಗ ಅದರ ಪೀಠಿಕಾ ಪದ್ಯವನ್ನು ಬರೆದವನು ಬರ್ಗಾಯ್ನ್. ‘ದಿ ಬ್ಲಾಕೇಡ್ ಆಫ್ ಬಾಸ್ಟನ್’ ಎಂಬ ಪ್ರಹಸನವೂ ಅವನದೇ ಎಂಬುದು ರೂಢಿಯ ಮಾತು. 1776ರ ಜನವರಿ 8ರಂದು ಅದರ ಪ್ರದರ್ಶನದ ರಾತ್ರಿ, ಚಾರ್ಲ್ಸ್‌ಟೌನ್ ಕಡೆ ಶತ್ರು ದಾಳಿ ಮಾಡಿದ್ದಾನೆಂದು ಸಾರ್ಜಂಟನೊಬ್ಬ ರಂಗದ ಮೇಲೆ ಬಂದು ಕೂಗಿದಾಗ, ಅದೂ ನಾಟಕದ ಭಾಗವೆಂದು ತಿಳಿದು ಸಭಿಕರು ಚಪ್ಪಾಳೆ ತಟ್ಟಿದರು. ಸುದ್ದಿ ನಿಜವೆಂದು ತಿಳಿಯಲು ಸ್ವಲ್ಪ ಹೊತ್ತೇ ಹಿಡಿಯಿತು. ಬರ್ಗಾಯ್ನ್ ಅಷ್ಟರಲ್ಲಿ ಇಂಗ್ಲೆಂಡಿಗೆ ಹೊರಟಾಗಿತ್ತು.

1776ರಲ್ಲಿ ಅವನು ಕೆನಡಾದಲ್ಲಿ ಎರಡನೆಯ ಸೇನಾಧಿಕಾರಿಯಾಗಿದ್ದಾಗ ಲೇಡಿ ಷಾರ್ಲಟ್ ಇಂಗ್ಲೆಂಡಿನಲ್ಲಿ ತೀರಿಕೊಂಡಳು. ಅವರಿಗಿದ್ದ ಒಬ್ಬಳೇ ಮಗಳು ಹನ್ನೆರಡು ವರ್ಷಗಳ ಹಿಂದೆಯೇ ಬಾಲ್ಯದಲ್ಲಿ ಕಣ್ಮುಚ್ಚಿದ್ದಳು. ಆ ಚಳಿಗಾಲ ಲಂಡನ್ನಿಗೆ ಬಂದ ಬರ್ಗಾಯ್ನ್, ಕೆನಡಾದಿಂದ ದಕ್ಷಿಣಕ್ಕೆ ಷಾಂಪ್ಲೇನ್ ಸರೋವರ ಮತ್ತು ಹಡ್ಸನ್ ನದಿಯ ದಾರಿಯಲ್ಲಿ ಆಲ್ಬನಿಯವರೆಗೆ ನುಗ್ಗಿ ನ್ಯೂ ಇಂಗ್ಲೆಂಡನ್ನು ಉಳಿದ ವಸಾಹತುಗಳಿಂದ ಬೇರ್ಪಡಿಸುವ ಯೋಜನೆಯನ್ನು ಬರೆದು ಒಪ್ಪಿಸಿದನು. ಮುಂದಿನ ಕ್ರಿಸ್‌ಮಸ್ ಹೊತ್ತಿಗೆ ವಿಜಯಿಯಾಗಿ ಮರಳುವೆನೆಂದು ಗೆಳೆಯ ಚಾರ್ಲ್ಸ್ ಫಾಕ್ಸ್‌ನೊಡನೆ ಬ್ರೂಕ್ಸ್ ಕ್ಲಬ್ಬಿನಲ್ಲಿ ಪಣ ಕಟ್ಟಿದನು. ಮಂತ್ರಿ ಲಾರ್ಡ್ ಜರ್ಮೈನ್ ಈ ಯೋಜನೆಯನ್ನು ಒಪ್ಪಿದನು. ಹಾಗೆಯೇ ಫಿಲಡೆಲ್ಫಿಯದ ಮೇಲೆ ಹೋಗುವ ಜನರಲ್ ಹೌನ ಯೋಜನೆಯನ್ನೂ ಒಪ್ಪಿದನು. ಇವೆರಡನ್ನೂ ಜೋಡಿಸುವ ಸ್ಪಷ್ಟವಾದ ಆಜ್ಞೆ ಯಾರಿಂದಲೂ ಹೊರಡಲಿಲ್ಲ.

1777ರ ಜೂನ್‌ನಲ್ಲಿ ಬ್ರಿಟಿಷರು, ಜರ್ಮನ್ನರು, ಕೆನಡಾದವರು, ಮೂಲನಿವಾಸಿ ಯೋಧರು ಸೇರಿ ಏಳೆಂಟು ಸಾವಿರ ಜನರ ಸೈನ್ಯ, 138 ಫಿರಂಗಿಗಳೊಡನೆ ಹೊರಟಿತು. ಹೊರಡುವಾಗ ಬರ್ಗಾಯ್ನ್ ಮತ್ತೊಂದು ಘೋಷಣೆ ಹೊರಡಿಸಿದನು. ಶರಣಾಗದವರ ಮೇಲೆ ಸಾವಿರಾರು ಮೂಲನಿವಾಸಿ ಯೋಧರನ್ನು ಛೂ ಬಿಡುವುದಾಗಿ ಅದರಲ್ಲಿ ಬೆದರಿಸಿ, ಇನ್ನೊಂದು ಕಡೆ ಆ ಯೋಧರನ್ನೇ ಕರೆದು ಹೆಂಗಸರು, ಮಕ್ಕಳು, ಮುದುಕರ ಮೇಲೆ ಕೈಮಾಡಬಾರದೆಂದು ಗಂಭೀರ ಭಾಷಣ ಮಾಡಿದನು. ಅಮೆರಿಕದ ಪತ್ರಿಕೆಗಳು ಘೋಷಣೆಯನ್ನು ಅಣಕಿಸಿ ಪದ್ಯಗಳನ್ನು ಬರೆದವು. ಭಾಷಣದ ವರದಿ ಲಂಡನ್ನಿಗೆ ಬಂದ ಮೇಲೆ ಸ್ವತಃ ಎಡ್ಮಂಡ್ ಬರ್ಕ್ ಸಂಸತ್ತಿನಲ್ಲಿ, ಮೃಗಾಲಯದ ಪಂಜರಗಳನ್ನು ತೆರೆದು ಸಿಂಹಗಳಿಗೂ ಕರಡಿಗಳಿಗೂ ಸೌಮ್ಯವಾಗಿ ನಡೆದುಕೊಳ್ಳಿರೆಂದು ಉಪದೇಶಿಸಿದಂತಾಯಿತು ಎಂದು ಅಣಕವಾಡಿದನು. ಮೂಲನಿವಾಸಿಗಳನ್ನು ಮೃಗಗಳಿಗೆ ಹೋಲಿಸಿದ ಬರ್ಕನ ಮಾತು ಇಂದು ಕಿವಿಗೆ ಒಗ್ಗುವುದಿಲ್ಲ. ಆದರೆ ಘೋಷಣೆಯ ಟೊಳ್ಳುತನವನ್ನು ಅವನು ಸರಿಯಾಗಿಯೇ ಹಿಡಿದನು. ಜುಲೈ ಕೊನೆಯಲ್ಲಿ ಜೇನ್ ಮಕ್ರೇ ಎಂಬ ತರುಣಿ ಬರ್ಗಾಯ್ನ್‌ನ ಪಡೆಯ ಜೊತೆಗಿದ್ದ ಮೂಲನಿವಾಸಿಗಳ ಕೈಯಲ್ಲಿ ಸತ್ತಳೆಂಬ ಸುದ್ದಿ ಹಬ್ಬಿದಾಗ, ಘೋಷಣೆಯ ಬೆದರಿಕೆಯನ್ನು ಓದಿದ್ದ ರೈತರು ಬಂದೂಕು ಹಿಡಿದು ಅಮೆರಿಕನ್ ಪಾಳೆಯದ ಕಡೆ ನಡೆದರು. ನ್ಯೂಯಾರ್ಕಿನ ಆ ಗಡಿನಾಡಿನಲ್ಲಿ ಬದುಕುತ್ತಿದ್ದವರು ಎಂಥ ಜನರೆಂದು ಬರ್ಗಾಯ್ನ್‌ಗೆ ತಿಳಿದಿರಲಿಲ್ಲ, ತಿಳಿಯದವರಿಗಾಗಿ ಬರೆದದ್ದೆಲ್ಲ ತಿರುಗಿ ಅವನ ಮೇಲೆಯೇ ಬಿತ್ತು.

ದಂಡಯಾತ್ರೆಯ ಉಳಿದ ಕಥೆ ಪ್ರಸಿದ್ಧವಾದುದರಿಂದ ಬೇಗ ಹೇಳುತ್ತೇನೆ. ಜುಲೈ 6ರಂದು ಟೈಕಾಂಡರೋಗ ಕೋಟೆ ಬಹುಮಟ್ಟಿಗೆ ಹೋರಾಟವಿಲ್ಲದೆ ಸಿಕ್ಕಿತು. ಅಲ್ಲಿಂದ ಮುಂದೆ ಕಾಡಿನ ದಾರಿಯಲ್ಲಿ ಅಮೆರಿಕನ್ನರು ಮರ ಕಡಿದು ಉರುಳಿಸಿದ್ದರು, ತೊರೆಗಳನ್ನು ಕಟ್ಟಿ ನೆಲವನ್ನು ಕೆಸರಾಗಿಸಿದ್ದರು. ಫೋರ್ಟ್ ಎಡ್ವರ್ಡ್ ತಲುಪಲು ಸೈನ್ಯ 40ಕ್ಕೂ ಹೆಚ್ಚು ಸೇತುವೆಗಳನ್ನು ಕಟ್ಟಬೇಕಾಯಿತು, ಕೆಲವೇ ಮೈಲಿಗಳಿಗೆ ವಾರಗಳೇ ಹಿಡಿದವು. ಆಗಸ್ಟ್ 16ರಂದು ಆಹಾರ ಮತ್ತು ಕುದುರೆಗಳಿಗಾಗಿ ಬೆನಿಂಗ್ಟನ್ ಕಡೆಗೆ ಕಳುಹಿಸಿದ ಪಡೆಯೂ ಅದರ ನೆರವಿಗೆ ಹೋದ ಪಡೆಯೂ ಸೋತು ಸುಮಾರು 900 ಜನ ಕೈಬಿಟ್ಟುಹೋದರು. ಸೆಪ್ಟೆಂಬರ್ 19 ಮತ್ತು ಅಕ್ಟೋಬರ್ 7ರ ಎರಡು ಕದನಗಳಲ್ಲಿ ಬರ್ಗಾಯ್ನ್ ಗುಂಡುಗಳ ನಡುವೆಯೇ ಕುದುರೆಯ ಮೇಲಿದ್ದನು, ಅವನ ಟೊಪ್ಪಿಗೆಯನ್ನೂ ಒಳ ಅಂಗಿಯನ್ನೂ ಗುಂಡು ಹರಿದುಕೊಂಡು ಹೋಯಿತು. ಎರಡನೆಯ ಕದನದಲ್ಲಿ ಗಾಯಗೊಂಡು ಸತ್ತ ಪ್ರಿಯ ಸಹೋದ್ಯೋಗಿ ಜನರಲ್ ಸೈಮನ್ ಫ್ರೇಸರ್‌ನನ್ನು ಅವನ ಕೊನೆಯಾಸೆಯಂತೆ ದಿಬ್ಬದ ಮೇಲೆ ಹೂಳುವಾಗ ಶತ್ರುವಿನ ಗುಂಡುಗಳು ಸುತ್ತ ಬೀಳುತ್ತಿದ್ದವು, ಅವು ಎಬ್ಬಿಸಿದ ಮಣ್ಣು ಪ್ರಾರ್ಥನೆ ಓದುತ್ತಿದ್ದ ಪಾದ್ರಿಯ ಮೇಲೆ ಸುರಿಯಿತು. ಬರ್ಗಾಯ್ನ್ ಮುಂದೆ ಈ ಸಂಸ್ಕಾರವನ್ನು ಬರೆದ ಪುಟ ನನ್ನನ್ನು ಕಲಕಿದೆ. ಅಲ್ಲಿ ಅವನಿಗೆ ಗೊತ್ತಿದ್ದ ಒಬ್ಬ ಮನುಷ್ಯನಿದ್ದಾನೆ, ಅವನಿಗೆ ಗೊತ್ತಿದ್ದ ಒಂದು ದುಃಖವಿದೆ, ಭಾಷೆಯ ಡೌಲು ತಾನಾಗಿಯೇ ಇಳಿದುಹೋಗಿದೆ.

ಅಕ್ಟೋಬರ್ 17ರಂದು ಸುಮಾರು 5,800 ಜನರೊಡನೆ ಅವನು ಜನರಲ್ ಗೇಟ್ಸ್‌ಗೆ ಶರಣಾದನು. ಮುಂದಿನ ಫೆಬ್ರವರಿಯಲ್ಲಿ ಫ್ರಾನ್ಸ್ ಅಮೆರಿಕದೊಡನೆ ಒಪ್ಪಂದ ಮಾಡಿಕೊಂಡಿತು. ಈ ಸೈನಿಕರು ಅಮೆರಿಕದಲ್ಲಿ ಮತ್ತೆ ಹೋರಾಡದೆ ಸ್ವದೇಶಕ್ಕೆ ಮರಳಬಹುದೆಂಬ ಷರತ್ತನ್ನು ಬರ್ಗಾಯ್ನ್ ಚೌಕಾಸಿ ಮಾಡಿ ಪಡೆದಿದ್ದನು. ಅಮೆರಿಕನ್ ಕಾಂಗ್ರೆಸ್ ಅದನ್ನು ನಡೆಸಿಕೊಡಲಿಲ್ಲ. 1778ರ ಮೇ ತಿಂಗಳಲ್ಲಿ ಒಬ್ಬನೇ ಇಂಗ್ಲೆಂಡಿಗೆ ಬಂದ ಅವನಿಗೆ ದೊರೆ ಮುಖ ತೋರಿಸಲಿಲ್ಲ. ಸಂಸತ್ತಿನಲ್ಲಿ ಅವನು ಜರ್ಮೈನ್‌ನ ವಿರುದ್ಧ ನಿಂತನು, ವಿಚಾರಣೆಗೆ ಒತ್ತಾಯಿಸಿದನು. ಸೆರೆಯಾಳಾಗಿ ಅಮೆರಿಕಕ್ಕೆ ಮರಳಬೇಕೆಂಬ ಆಜ್ಞೆಯನ್ನು ಒಪ್ಪದೆ 1779ರಲ್ಲಿ ತನ್ನ ಹುದ್ದೆಗಳನ್ನೂ ಆದಾಯವನ್ನೂ ಬಿಟ್ಟನು. ಇಲ್ಲಿ ಒಂದು ಹೋಲಿಕೆ ಮನಸ್ಸಿಗೆ ಬರುತ್ತದೆ. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಶರಣಾದ ಕಾರ್ನ್‌ವಾಲಿಸ್‌ನನ್ನು ಅದೇ ದೊರೆ ಗವರ್ನರ್ ಜನರಲ್ ಮಾಡಿ ಭಾರತಕ್ಕೆ ಕಳುಹಿಸಿದನು. ಬೆಂಗಳೂರು ಕೋಟೆಯನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದವನು ಅವನೇ. ಕಾರ್ನ್‌ವಾಲಿಸ್ ಮಂತ್ರಿಗಳ ಮೇಲೆ ಬೊಟ್ಟು ಮಾಡಿ ಸಂಸತ್ತಿನಲ್ಲಿ ನಿಲ್ಲಲಿಲ್ಲ. ಬರ್ಗಾಯ್ನ್ ನಿಂತನು.

ಈ ಅವಮಾನದ ಕಾಲದಲ್ಲಿಯೇ ಅವನೊಳಗಿನ ನಾಟಕಕಾರ ಬೆಳೆದನು. 1780ರ ಡಿಸೆಂಬರಿನಲ್ಲಿ ‘ದಿ ಲಾರ್ಡ್ ಆಫ್ ದಿ ಮ್ಯಾನರ್’ ಎಂಬ ಗೀತನಾಟಕ ಡ್ರೂರಿ ಲೇನ್‌ನಲ್ಲಿ ಬಂತು. ಸಂಗೀತ ಎಕ್ಸೆಟರಿನ ವಿಲಿಯಂ ಜ್ಯಾಕ್ಸನ್‌ನದು, ಕಥೆಯ ಎಳೆ ಫ್ರೆಂಚ್ ಲೇಖಕ ಮಾರ್ಮೊಂಟೆಲ್‌ನದು. ತಂದೆಯ ಇಷ್ಟಕ್ಕೆ ವಿರುದ್ಧವಾಗಿ ಮದುವೆಯಾಗಿ ಹೊರಹಾಕಲ್ಪಟ್ಟ ಮಗ, ಕೊನೆಗೆ ಬರುವ ರಾಜಿ: ಈ ವಸ್ತುವನ್ನು ಅವನು ಏಕೆ ಆರಿಸಿಕೊಂಡನೆಂದು ಬಿಡಿಸಿ ಹೇಳಬೇಕಿಲ್ಲ. ಅದಕ್ಕಿಂತ ಮುಖ್ಯವಾಗಿ ಅದರಲ್ಲಿ ಟ್ರೆಪಾನ್ ಎಂಬ ದಲ್ಲಾಳಿಯಿದ್ದಾನೆ. ಬಡ ಹಳ್ಳಿಗರನ್ನು ಮೋಸದಿಂದ ಸೇನೆಗೆ ಸೇರಿಸುವುದೇ ಅವನ ಕಸುಬು. ಅಧಿಕಾರಿಗಳಿಗೆ ಸಿಪಾಯಿಯನ್ನು ಮನುಷ್ಯನಂತೆ ಕಾಣಿರೆಂದು ಬರೆದಿದ್ದ ಕೈಯೇ, ದೇಶ ಇನ್ನೂ ಯುದ್ಧದಲ್ಲಿದ್ದಾಗ, ಸೈನಿಕರ ನೇಮಕಾತಿಯ ಕೊಳಕನ್ನು ರಂಗದ ಮೇಲೆ ತಂದಿತು.

1782ರಲ್ಲಿ ಅವನ ಗೆಳೆಯರು ಅಧಿಕಾರಕ್ಕೆ ಬಂದಾಗ ಐರ್ಲೆಂಡಿನ ಸೇನಾಧಿಪತಿಯಾದನು, ಅವರು ಅಧಿಕಾರ ಕಳೆದುಕೊಂಡ ಮೇಲೆ 1784ರಲ್ಲಿ ಅದನ್ನೂ ಬಿಟ್ಟನು. ಆಮೇಲಿನ ವರ್ಷಗಳು ರಂಗಭೂಮಿಯವು. 1786ರ ಜನವರಿ 14ರಂದು ಡ್ರೂರಿ ಲೇನ್‌ನಲ್ಲಿ ಅವನ ಅತ್ಯುತ್ತಮ ನಾಟಕ ‘ದಿ ಏರೆಸ್’ ಪ್ರದರ್ಶನಗೊಂಡಿತು. ಲೇಡಿ ಎಮಿಲಿಯ ಪಾತ್ರದಲ್ಲಿ, ಮುಂದೆ ಡರ್ಬಿಯ ಅರ್ಲ್‌ನನ್ನು ಮದುವೆಯಾದ ಎಲಿಜಬೆತ್ ಫ್ಯಾರನ್ ಮಿಂಚಿದಳು. ಸಾಲಪತ್ರಗಳಿಂದ ಹಠಾತ್ ಶ್ರೀಮಂತನಾದ ಆಲ್‌ಸ್ಕ್ರಿಪ್ ಎಂಬ ವಕೀಲ, ದುಡ್ಡಿನ ಠೇಂಕಾರದ ಅವನ ಮಗಳು, ಅವರ ಸುತ್ತ ಮುಖಸ್ತುತಿ ಮಾಡುತ್ತ ಬದುಕುವ ಬ್ಲ್ಯಾಂಡಿಷ್ ಜೋಡಿ, ಇವರ ನಡುವೆ ಪ್ರೀತಿಗಾಗಿ ಹೆಣಗುವ ಯುವಕ ಯುವತಿಯರು. ಕೊನೆಯಲ್ಲಿ ಬಚ್ಚಿಟ್ಟ ದಾಖಲೆಯೊಂದು ಹೊರಬಂದು, ವಕೀಲನ ಆಸ್ತಿ ನ್ಯಾಯವಾಗಿ ಬೇರೆಯವರದೆಂದು ತಿಳಿಯುತ್ತದೆ. ಸುಳ್ಳು ಒಪ್ಪಂದದ ಕಥೆಯನ್ನು ಸಮಿತಿಯ ಮುಂದೆ ಬಿಡಿಸಿ, ಈ ಸಂಪತ್ತು ಯಾರಿಗೆ ಸೇರಬೇಕು ಎಂದು ಕ್ಲೈವನ ಎದುರು ಕೇಳಿದವನ ಮನಸ್ಸು ಹದಿಮೂರು ವರ್ಷಗಳ ನಂತರವೂ ಅದೇ ಪ್ರಶ್ನೆಯನ್ನು ಹಿಡಿದಿತ್ತೆಂದು ಈ ನಾಟಕವನ್ನು ಓದುವಾಗ ನನಗೆ ಅನಿಸಿತು. ಸಂಸತ್ತಿನಲ್ಲಿ ದೊರೆಯದ ತೀರ್ಪನ್ನು ಅವನು ರಂಗದ ಮೇಲೆ ಕೊಡಿಸಿದನು. ಹಿಂದೆ ಬರ್ಗಾಯ್ನ್‌ಗೆ ಅಡ್ಡಹೆಸರುಗಳನ್ನಿಟ್ಟು ಹಂಗಿಸಿದ್ದ ಲೇಖಕ ಹೊರೇಸ್ ವಾಲ್‌ಪೋಲ್ ಕೂಡ ಈ ನಾಟಕವನ್ನು ಮನಸಾರೆ ಹೊಗಳಿದನು. ಅದೇ ವರ್ಷ ಅಕ್ಟೋಬರಿನಲ್ಲಿ ಗ್ರೆಟ್ರಿಯ ಸಂಗೀತವಿದ್ದ ಫ್ರೆಂಚ್ ಗೀತನಾಟಕವೊಂದರ ರೂಪಾಂತರವಾದ ‘ರಿಚರ್ಡ್ ಕರ್ ದ ಲಿಯೋ’ ಕೂಡ ಗೆದ್ದಿತು.

1788ರಲ್ಲಿ ವಾರನ್ ಹೇಸ್ಟಿಂಗ್ಸ್‌ನ ಮಹಾಭಿಯೋಗದ ವಿಚಾರಣೆ ಆರಂಭವಾದಾಗ ಕಾಮನ್ಸ್ ಸಭೆಯ ಪರವಾಗಿ ಅದನ್ನು ನಡೆಸಿದವರ ಪಟ್ಟಿಯಲ್ಲಿ ಬರ್ಕ್, ಫಾಕ್ಸ್, ಷೆರಿಡನ್‌ರ ಜೊತೆಗೆ ಬರ್ಗಾಯ್ನ್ ಕೂಡ ಇದ್ದನು. ಹೇಸ್ಟಿಂಗ್ಸ್ ಖುಲಾಸೆಯಾದದ್ದು 1795ರಲ್ಲಿ. ಅದನ್ನು ಕಾಣಲು ಬರ್ಗಾಯ್ನ್ ಉಳಿದಿರಲಿಲ್ಲ. 1792ರ ಆಗಸ್ಟ್ 4ರಂದು ಲಂಡನ್ನಿನ ಮೇಫೇರ್‌ನ ಮನೆಯಲ್ಲಿ ಅವನು ಹಠಾತ್ತಾಗಿ ಸತ್ತನು. ಹಿಂದಿನ ರಾತ್ರಿಯಷ್ಟೇ ಅವನನ್ನು ನಾಟಕ ನೋಡುತ್ತಿದ್ದುದನ್ನು ಕಂಡವರಿದ್ದರು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಮೊಗಸಾಲೆಯಲ್ಲಿ ಅವನ ಸಮಾಧಿಯಿದೆ. ಗಾಯಕಿ ಸೂಸನ್ ಕಾಲ್‌ಫೀಲ್ಡ್‌ಳಿಂದ ಅವನಿಗಿದ್ದ ನಾಲ್ವರು ಮಕ್ಕಳನ್ನು ಡರ್ಬಿ ಮನೆತನ ಸಾಕಿತು. ಹಿರಿಯ ಮಗ ಜಾನ್ ಫಾಕ್ಸ್ ಬರ್ಗಾಯ್ನ್ ಇಂಜಿನಿಯರ್ ಪಡೆಯಲ್ಲಿ ಬೆಳೆದು, ಕ್ರಿಮಿಯಾ ಯುದ್ಧದಲ್ಲಿ ಸೇವೆ ಸಲ್ಲಿಸಿ, ಫೀಲ್ಡ್ ಮಾರ್ಷಲ್ ಆದನು.

ಇಂದು ಬರ್ಗಾಯ್ನ್‌ನನ್ನು ಬಲ್ಲವರಲ್ಲಿ ಹಲವರು ಅವನನ್ನು ಬಲ್ಲದ್ದು ಬರ್ನಾರ್ಡ್ ಷಾ 1897ರಲ್ಲಿ ರಂಗಕ್ಕೆ ತಂದ ನಾಟಕದ ಒಂದು ಪಾತ್ರವಾಗಿ. ಅಲ್ಲಿಯ ಚತುರ ಮಾತುಗಳು ಷಾನವು. ಬರ್ಗಾಯ್ನ್‌ನ ಸ್ವಂತ ಮಾತನ್ನು ಕೇಳಬಯಸುವವರು 1759ರ ಅಶ್ವದಳದ ಸೂಚನಾವಳಿಯನ್ನು ಮೊದಲು ಓದಬೇಕೆಂದು ನಾನು ಹೇಳುತ್ತೇನೆ, ಆಮೇಲೆ ‘ದಿ ಏರೆಸ್’ ನಾಟಕವನ್ನು. ಕಂಪನಿಯ ಚರಿತ್ರೆಯಲ್ಲಿ ಆಸಕ್ತಿಯಿರುವ ನಮ್ಮವರಂತೂ 1772 ಮತ್ತು 1773ರ ವಿಶೇಷ ಸಮಿತಿಯ ವರದಿಗಳನ್ನು ಬಿಡಬಾರದು. ಅವನ ದನಿ ಅಲ್ಲಿ ನೇರವಾಗಿ ಕೇಳಿಸುವುದಿಲ್ಲ, ಆದರೆ ಅವನು ಅಧ್ಯಕ್ಷನಾಗಿ ಕರೆಸಿದ ಸಾಕ್ಷಿಗಳು ಬಂಗಾಳದಲ್ಲಿ ನಡೆದುದನ್ನು ತಮ್ಮ ಬಾಯಿಂದಲೇ ಹೇಳುತ್ತಾರೆ.